ಅಖ್ತರ್ ಬಾನು ಮನೆಯ ಎಳ್ಳು

ಓಯ್, ಎದುರು ಜಗಲಿಯ ಮೇಲೆ ಕೂತವರೇ! ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ಜಗಳಕ್ಕೆ ನಿಂತವರೇ! ಜಗಳ ಆಮೇಲೆ ಆಡಿಕೊಳ್ಳಿ, ಸ್ವಲ್ಪ ಈ ಕಡೆ ತಿರುಗಿ. ಆ ಮುಳಬಾಗಿಲು ಬಸ್ಸಿನ ಸದ್ದು ಒಂಚೂರು ಮುಂದಕ್ಕೆ ಹೋಗಲಿ. ಹಾಂ, ಹೋಯಿತು. ಈಗ ಕೇಳಿ. ಶ್ರೀನಿವಾಸಪುರದಲ್ಲಿ ಬಳೆ ತೊಡಿಸುತ್ತಿದ್ದ ಅಖ್ತರ್ ಬಾನು ಒಂದು ಸಂಕ್ರಾಂತಿಯ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ, ಊರೆಲ್ಲ ನೋಡುವ ಹಾಗೆ ಬೀದಿಯಲ್ಲಿ ಓಡಿದಳಲ್ಲ, ಆ ಕಥೆ ಇದು.

ಅಖ್ತರ್ ಬಾನು ಹುಟ್ಟಿದ್ದು ನಂಗಲಿಯಲ್ಲಿ, ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುವ ರಸ್ತೆಯ ಪಕ್ಕದ ಮನೆಯಲ್ಲಿ. ಅವಳ ಅಪ್ಪ ಬಳೆಗಾರ. ಬಳೆಗಳನ್ನು ಬಣ್ಣ ಬಣ್ಣಕ್ಕೆ ವಿಂಗಡಿಸಿ ದಾರಕ್ಕೆ ಪೋಣಿಸಿ ಹೆಗಲ ಮೇಲೆ ಇಳಿಬಿಟ್ಟ ಆ ಹೊರೆಗೆ ಮಲಾರ ಎನ್ನುತ್ತಾರೆ. ಗಂಡುಮಕ್ಕಳಿಲ್ಲದ ಅಪ್ಪ ಮಗಳನ್ನೇ ಜೊತೆಗೆ ಕರೆದುಕೊಂಡು ಊರೂರು ತಿರುಗಿದ. ಹಾಗಾಗಿ ಓದು ಬರಹ ಬರುವ ಮೊದಲೇ ಅವಳಿಗೆ ಕೈ ಓದಲು ಬಂತು. ಯಾವ ಹೆಂಗಸಿನ ಕೈಯನ್ನಾದರೂ ದೂರದಿಂದ ನೋಡಿದರೆ ಸಾಕು, ಎಷ್ಟು ಅಳತೆಯ ಬಳೆ ಏರುತ್ತದೆ, ಹೆಬ್ಬೆರಳ ಬುಡವನ್ನು ಎಷ್ಟು ಒತ್ತಬೇಕು ಎಂದು ತಿಳಿಯುತ್ತಿತ್ತು. ಬಳೆ ಗೆಣ್ಣು ದಾಟುವ ಗಳಿಗೆಯಲ್ಲಿ ಮಾತ್ರ ಬಿಗಿಯಾದ ಕೈ ಸಡಿಲವಾಗಬೇಕು. ಅದಕ್ಕೆ ಅವಳು ಸರಿಯಾಗಿ ಆ ಹೊತ್ತಿಗೆ ಏನಾದರೊಂದು ಮಾತು ತೆಗೆಯುತ್ತಿದ್ದಳು. "ನಿಮ್ ನಾದಿನಿ ಬಂದಿದ್ಲಂತೆ?" ಎನ್ನುವಳು. ಎದುರಿನವಳು ನಾದಿನಿಯನ್ನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಬಂದು ಕೂತಿರುತ್ತಿತ್ತು.

ಶ್ರೀನಿವಾಸಪುರದ ಓಬೇದುಲ್ಲಾನನ್ನು ಮದುವೆಯಾದ ಮೇಲೂ ಅವಳು ಮಲಾರ ಬಿಡಲಿಲ್ಲ. ಓಬೇದುಲ್ಲಾ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವನು. ಅವನು ಗಾಳಿಯೂದುವ ತಿದಿ ಹೊತ್ತುಕೊಂಡು ಒಂದು ದಿಕ್ಕಿಗೆ ಹೋದರೆ ಇವಳು ಬಳೆ ಹೊತ್ತು ಇನ್ನೊಂದು ದಿಕ್ಕಿಗೆ. ಯಲ್ದೂರಿನ ಕಡೆ ಹೋದರೆ ತೆಲುಗು, ಊರೊಳಗೆ ಕನ್ನಡ, ಮನೆಗೆ ಬಂದರೆ ತಮ್ಮ ದಖನಿ ಮಾತು. ಎಲ್ಲ ಮನೆಯ ಹೆಂಗಸರ ಕೈಗಳೂ ಅವಳ ಮಡಿಲಿಗೆ ಇಳಿದು ಹೋಗಿದ್ದವು. ಆದರೆ ಅವಳು ಕೂತಿದ್ದು ಮಾತ್ರ ಯಾವಾಗಲೂ ಜಗಲಿಯ ಮೇಲೆ. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಒಮ್ಮೆ ಒಂದು ಮನೆಯಲ್ಲಿ ದಾರದ ಉಂಡೆ ಮರೆತು ಬಂದು, ತರಲು ಹಿಂತಿರುಗಿದಾಗ, ತಾನು ಕೂತಿದ್ದ ಜಾಗಕ್ಕೆ ಆ ಮನೆಯವರು ನೀರು ಚಿಮುಕಿಸುತ್ತಿದ್ದುದನ್ನು ಅವಳು ಕಂಡಳು. ಅವತ್ತಿನಿಂದ ಯಾವ ಮನೆಯಿಂದ ಎದ್ದು ಬಂದರೂ ಅವಳು ತಿರುಗಿ ನೋಡುತ್ತಿರಲಿಲ್ಲ. ಸಿಟ್ಟು ಎಂದೇನಿಲ್ಲ. ಮಳೆಗಾಲದಲ್ಲಿ ಕೆಸರು ಇರುವ ಹಾಗೆ ಅದೂ ಇತ್ತು, ಕಾಲೆತ್ತಿ ದಾಟಿದರೆ ಆಯಿತು.

ಆದರೆ ಅವಳ ಮಗಳು ಫರೀದಾ ಕೆಸರು ಕಂಡರೆ ಅದರಲ್ಲೇ ಕುಣಿಯುವ ಹುಡುಗಿ. ಕನ್ನಡ ಶಾಲೆಯಲ್ಲಿ ಎರಡನೇ ಕ್ಲಾಸು. ಎಪ್ಪತ್ತೆಂಟನೇ ಇಸವಿಯ ಜನವರಿ ಶುರುವಾಗಿತ್ತು, ಅಂಗಡಿಗಳ ಮುಂದೆ ಕಬ್ಬಿನ ಜಲ್ಲೆಗಳು ಬಂದು ನಿಂತಿದ್ದವು. ಒಂದು ಸಂಜೆ ಶಾಲೆಯಿಂದ ಬಂದವಳೇ ಚೀಲ ಮೂಲೆಗೆಸೆದು ಹೇಳಿದಳು.

"ಅಮ್ಮಿ, ಈ ಸಲ ನಾನೂ ಎಳ್ಳು ಬೀರ್ತೀನಿ."

"ಅದು ಅವ್ರ ಹಬ್ಬ ಕಣೇ."

"ಅವ್ರ ಹಬ್ಬ ಆದ್ರೆ ನಮ್ಮನೆಗ್ಯಾಕೆ ತಂದ್ಕೊಡ್ತಾರೆ?"

"ಪ್ರೀತಿಗೆ ಕೊಡ್ತಾರೆ."

"ಹಂಗಾದ್ರೆ ನಮಗೆ ಪ್ರೀತಿ ಇಲ್ವಾ?"

ಅಖ್ತರ್ ಬಾನು ಬಳೆ ಪೋಣಿಸುತ್ತಿದ್ದ ಕೈ ನಿಲ್ಲಿಸಿದಳು. ಪ್ರತಿ ಸಂಕ್ರಾಂತಿಗೂ ಬೀದಿಯ ಹೆಣ್ಣುಮಕ್ಕಳು ಜರಿ ಲಂಗ ಸರಸರ ಅನ್ನಿಸಿಕೊಂಡು ತಟ್ಟೆ ಹಿಡಿದು ಬರುತ್ತಿದ್ದರು. ಇವರ ಬಾಗಿಲಿಗೂ ಬಂದು ಎಳ್ಳು, ಬೆಲ್ಲ, ಕೊಬ್ಬರಿ, ಕಬ್ಬಿನ ತುಂಡು, ಗಿಣಿಯೋ ಮಂಟಪವೋ ಆದ ಸಕ್ಕರೆ ಅಚ್ಚು ಕೊಟ್ಟು ಹೋಗುತ್ತಿದ್ದರು. ಮಕ್ಕಳು ತಿಂದು ಮುಗಿಸುತ್ತಿದ್ದರು. ತಿರುಗಿ ಕೊಡಬೇಕೆಂದು ಯಾರೂ ಕೇಳಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಹೊಳೆದಾಗಲೆಲ್ಲ ಅವಳು ಅದನ್ನು ಪಕ್ಕಕ್ಕೆ ಸರಿಸಿದ್ದಳು.

ಅವಳ ಹೆದರಿಕೆ ಇದ್ದದ್ದು ಒಂದೇ. ಮಗಳು ಲಂಗ ಉಟ್ಟು, ಹೂ ಮುಡಿದು, ತಟ್ಟೆ ಹಿಡಿದು ಒಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಆ ಮನೆಯವರು ತೆಗೆದುಕೊಳ್ಳುವುದಿಲ್ಲ. ಅಥವಾ ನಗುನಗುತ್ತಾ ತೆಗೆದುಕೊಂಡು ತಿನ್ನದೆ ಹಿತ್ತಲಿಗೆ ಎಸೆಯುತ್ತಾರೆ, ಅದನ್ನು ಈ ಹುಡುಗಿ ನೋಡಿಬಿಡುತ್ತಾಳೆ. ತಾನು ದಾರದ ಉಂಡೆಗೆಂದು ಹಿಂತಿರುಗಿ ನೋಡಿದ್ದನ್ನು ಮಗಳು ಈ ವಯಸ್ಸಿಗೇ ನೋಡಬಾರದು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಆ ಸಂಜೆ ಓಬೇದುಲ್ಲಾ ಬಂದಾಗ ಮೆಲ್ಲಗೆ ಹೇಳಿದಳು. ಅವನು ಮಸಿ ಹಿಡಿದ ಕೈಯಲ್ಲೇ ಗಡ್ಡ ಕೆರೆದುಕೊಂಡ.

"ತಗೊಳ್ತಾರೆ. ಮಕ್ಳು ಕೊಟ್ಟಿದ್ದನ್ನ ಬೇಡ ಅನ್ನೋ ಕೆಟ್ಟ ಜನ ಯಾರೂ ಇಲ್ಲ ಈ ಬೀದೀಲಿ," ಎಂದ. "ತಿಂತಾರಾ ಅಂತ ಮಾತ್ರ ನೀನು ಕೇಳೋಕೆ ಹೋಗ್ಬೇಡ."

"ನಾನ್ಯಾಕೆ ಕೇಳ್ಲಿ ಜೀ? ಅವ್ಳು ಕೇಳ್ತಾಳೆ. ನಿಮ್ ಮಗಳನ್ನ ನಿಮಗೆ ಗೊತ್ತಿಲ್ವಾ?"

ಅವನು ನಕ್ಕ. ಅಲ್ಲಿಗೆ ಒಪ್ಪಿದ ಎಂದಾಯಿತು.

ಮರುದಿನದಿಂದ ಆ ಒಂದು ಕೋಣೆಯ ಮನೆಯಲ್ಲಿ ಹಬ್ಬ ಶುರುವಾಯಿತು. ಹಬ್ಬದ ಯಜಮಾನಿ ಫರೀದಾ. ಶಾಲೆಯಲ್ಲಿ ಗೆಳತಿಯರ ಬಾಯಿಂದ ಕೇಳಿಕೊಂಡು ಬಂದದ್ದನ್ನೆಲ್ಲ ಅಮ್ಮನಿಗೆ ಅಪ್ಪಣೆ ಮಾಡುವಳು. ಕೊಬ್ಬರಿಯ ಕಂದು ಸಿಪ್ಪೆ ಹೆರೆಯಬೇಕು. ಬೆಲ್ಲವನ್ನು ಕುಟ್ಟಬಾರದು, ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ ಬಿಸಿಲಿಗೆ ಇಡಬೇಕು. ಕಡಲೇಕಾಯಿ ಬೀಜ ಹುರಿದು ಸಿಪ್ಪೆ ಬಿಡಿಸಿ ಬೇಳೆ ಮಾಡಬೇಕು. ಅಖ್ತರ್ ಬಾನು ಬಳೆಯ ವ್ಯಾಪಾರ ಮುಗಿಸಿ ಬಂದು ಕೂತು ಕತ್ತರಿಸುತ್ತಿದ್ದಳು. ನಾಲ್ಕು ವರ್ಷದ ಮಗ ಲಿಯಾಖತ್ ಕಾವಲು ಕೂತಿರುತ್ತಿದ್ದ. ಕಾಗೆ ಬರಬಾರದೆಂದು ಕಾವಲು. ಕಾಗೆ ಬರಲಿಲ್ಲ, ಆದರೂ ಬೆಲ್ಲ ಕಡಿಮೆಯಾಗುತ್ತಲೇ ಇತ್ತು.

"ಎಲ್ಲೋ ಹೋಯ್ತು ಬೆಲ್ಲ?"

"ಬಿಸಿಲು ತಿಂತು ಅಮ್ಮಿ," ಎಂದ ಲಿಯಾಖತ್, ಅಂಟಂಟು ಬಾಯಲ್ಲಿ.

ಎಳ್ಳು ಮಾತ್ರ ಉಳಿದಿತ್ತು. ಅಖ್ತರ್ ಬಾನು ಮನೆಯಲ್ಲಿ ಒಂದು ಬಟ್ಟೆಯ ಗಂಟು ಎಳ್ಳಿತ್ತು. ಯಲ್ದೂರಿನ ರೈತರ ಮನೆಯ ಒಬ್ಬ ಹೆಂಗಸು ಬಳೆಗೆ ಬದಲಾಗಿ ಕೊಟ್ಟಿದ್ದು, ಕಪ್ಪಗೆ ಮಿರಮಿರ ಮಿಂಚುವ ಹೊಸ ಎಳ್ಳು. ಬೀದಿಯವರು ಕೊಡುತ್ತಿದ್ದುದು ಬಿಳಿಯದು ಎಂದು ಅವಳಿಗೆ ನೆನಪಿತ್ತು. ಅಂಗಡಿಯಲ್ಲಿ ಸಿಪ್ಪೆ ತೆಗೆದು ಮಾರುವುದು ಅಗ್ಗ, ಅದಕ್ಕೇ ತರುತ್ತಾರೆ ಎಂದುಕೊಂಡಿದ್ದಳು. ಅಖ್ತರ್ ಬಾನು ಕಡೆಯವರ ಮನೆಗಳಲ್ಲಿ ಕಪ್ಪು ಕಾಳೆಂದರೆ ಔಷಧಿ, ಕಲೌಂಜಿ ಎನ್ನುವ ಕರಿಜೀರಿಗೆಯ ಹಾಗೆ. ಮಕ್ಕಳಿಗೆ ಕೆಮ್ಮು ಬಂದರೆ ಅದು, ಬಾಣಂತಿಗೆ ಅದು, ಹೊಸ ಮನೆಗೆ ಹೋದರೆ ಬರ್ಕತ್ತಿಗೆ, ಮನೆ ತುಂಬಿ ಬರಲೆಂದು, ಅದು. ನಮ್ಮ ಮನೆಯಿಂದ ಮೊದಲ ಸಲ ಹೋಗುವುದು, ಎಲ್ಲಕ್ಕಿಂತ ಒಳ್ಳೆಯದೇ ಹೋಗಲಿ ಎಂದು ಆ ಕರಿ ಎಳ್ಳನ್ನೇ ಹದವಾಗಿ ಹುರಿದಳು. ಒಂಚೂರು ಏಲಕ್ಕಿ ಪುಡಿಯನ್ನೂ ಉದುರಿಸಿದಳು. ಬಿಳಿ ಕೊಬ್ಬರಿಯ ನಡುವೆ ಆ ಎಳ್ಳು ಕಾಡಿಗೆ ಹಚ್ಚಿದ ಹಾಗೆ ಕಂಡಿತು. ತನ್ನ ಕೆಲಸಕ್ಕೆ ತಾನೇ ಮೆಚ್ಚಿ ತಲೆದೂಗಿದಳು.

ಹಬ್ಬದ ದಿನ ಬೆಳಿಗ್ಗೆ ಓಬೇದುಲ್ಲಾ ಮುಳಬಾಗಿಲು ಕಡೆಯ ಹಳ್ಳಿಗೆ ಕಲಾಯಿಗೆ ಹೋದ. ಫರೀದಾ ಅಮ್ಮನನ್ನು ಬಾಗಿಲಿಗೆ ಎಳೆದು ತಂದಳು.

"ರಂಗೋಲಿ ಹಾಕು."

"ನಂಗೆಲ್ಲಿ ಬರುತ್ತೆ ಚುಕ್ಕಿ ಇಡೋಕೆ?"

"ಮೆಹಂದಿ ಹಾಕ್ತೀಯಲ್ಲ, ಅದನ್ನೇ ನೆಲಕ್ಕೆ ಹಾಕು."

ಅದು ಅವಳಿಗೆ ಗೊತ್ತಿತ್ತು. ನೀರು ಚಿಮುಕಿಸಿದ ಮಣ್ಣಿನ ಮೇಲೆ ರಂಗೋಲಿ ಪುಡಿ ಹಿಡಿದು ಬಳ್ಳಿ, ಎಲೆ, ಮಾವಿನಕಾಯಿ, ಮೊಗ್ಗು ಎಲ್ಲ ಎಳೆದಳು. ಬೀದಿಯ ಉಳಿದ ಮನೆಗಳ ಮುಂದೆ ಚುಕ್ಕಿಗಳನ್ನು ಸುತ್ತಿಕೊಂಡ ಗೆರೆಗಳಿದ್ದರೆ ಇವರ ಬಾಗಿಲಲ್ಲಿ ಮದುವೆ ಹೆಣ್ಣಿನ ಅಂಗೈ ಬಿಡಿಸಿಟ್ಟ ಹಾಗಿತ್ತು. ಆಮೇಲೆ ಲಿಯಾಖತ್‌ನನ್ನು ಮಣೆಯ ಮೇಲೆ ಕೂರಿಸಿ, ಪಾವಿನಲ್ಲಿ ಎಲಚಿ ಹಣ್ಣು, ಕಬ್ಬಿನ ಚೂರು, ಒಂದೆರಡು ಕಾಸು ಬೆರೆಸಿ ಅವನ ತಲೆಯ ಮೇಲೆ ಸುರಿಯಬೇಕೆಂದಳು ಫರೀದಾ. ಬೀದಿಯ ಪುಟ್ಟ ಮಕ್ಕಳಿಗೆಲ್ಲ ಹಾಗೆ ಸುರಿಯುತ್ತಾರೆ, ದೃಷ್ಟಿ ಆಗಬಾರದೆಂದು. ಅಖ್ತರ್ ಬಾನು ಬಿಸ್ಮಿಲ್ಲಾ ಎಂದು ಸುರಿದಳು. ಲಿಯಾಖತ್ ಕಣ್ಣು ಮುಚ್ಚಿಕೊಂಡೇ ಎರಡು ಕೈಯಲ್ಲೂ ಹಣ್ಣು ಹಿಡಿದು ಬಾಯಿಗೆ ತುಂಬಿದ.

"ಇನ್ನೊಂದ್ ಸಲ!"

"ಒಂದೇ ಸಲ ಕಣೋ."

"ಇನ್ನೊಂದ್ ಸಲ ದೃಷ್ಟಿ ಆಗಿದೆ ಅಮ್ಮಿ!"

ಮೂವರೂ ನಕ್ಕು ಸುಸ್ತಾದರು. ಆ ನಗುವಿನಲ್ಲೇ ಫರೀದಾ ಹಸಿರು ಲಂಗ ಉಟ್ಟಳು, ಜಡೆಗೆ ಸೇವಂತಿಗೆ ಸಿಕ್ಕಿಸಿಕೊಂಡಳು, ಹಿತ್ತಾಳೆಯ ತಟ್ಟೆಯಲ್ಲಿ ಎಳ್ಳು ಬೆಲ್ಲದ ಗುಡ್ಡೆ ಮಾಡಿ, ಅಂಗಡಿಯಿಂದ ತಂದ ಸಕ್ಕರೆ ಗಿಣಿಯೊಂದನ್ನು ಮೇಲಿಟ್ಟು, ದಾರದಲ್ಲಿ ಹೆಣೆದ ಕ್ರೋಷಾ ಬಟ್ಟೆ ಮುಚ್ಚಿಕೊಂಡಳು. ಲಿಯಾಖತ್ ಕಬ್ಬಿನ ತುಂಡುಗಳ ಚೀಲ ಹಿಡಿದ. ಮೊದಲು ಪಕ್ಕದ ಮನೆಯ ಶ್ಯಾಮಲಮ್ಮನಿಗೆ, ಆಮೇಲೆ ಬೀದಿಯ ಕೊನೆಯ ದೊಡ್ಡ ಮನೆಗೆ, ಅಲ್ಲಿಂದ ವಾಪಸ್ಸು ಬರುತ್ತಾ ಉಳಿದವರಿಗೆ ಎಂದು ತೀರ್ಮಾನಿಸಿಕೊಂಡು ಇಬ್ಬರೂ ಹೊರಟರು.

ಅಖ್ತರ್ ಬಾನು ಬಾಗಿಲಲ್ಲಿ ನಿಂತು ನೋಡಿದಳು. ಶ್ಯಾಮಲಮ್ಮ ಬಟ್ಟಲಲ್ಲಿ ತೆಗೆದುಕೊಂಡಿದ್ದು ಕಾಣಿಸಿತು. ಮಕ್ಕಳು ಕುಣಿಯುತ್ತಾ ಮುಂದಕ್ಕೆ ಹೋದದ್ದೂ ಕಾಣಿಸಿತು. ಉಸಿರು ಬಿಟ್ಟು ಒಳಗೆ ಹೋಗಿ ಒಲೆಯ ಮುಂದೆ ಕೂತಳೋ ಇಲ್ಲವೋ, ಶ್ಯಾಮಲಮ್ಮ ಆ ಬಟ್ಟಲು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಏನೇ ಅಖ್ತರೂ, ಹಬ್ಬದ್ ದಿನ ನಮ್ಮನೇಲಿ ಯಾರ್ ತಿಥಿ ಮಾಡು ಅಂತ ಕಳ್ಸಿದ್ದೀಯೆ?"

"ಯಾಕಕ್ಕಾ? ಏನಾಯ್ತು?"

"ಕರಿ ಎಳ್ಳು ಕಣೇ ಇದು! ಸತ್ತೋರಿಗೆ ನೀರು ಬಿಡೋ ಎಳ್ಳು. ಶನಿ ಕಾಟಕ್ಕೆ ದೀಪ ಹಚ್ಚೋ ಎಳ್ಳು. ಹಬ್ಬಕ್ಕೆ ಬಿಳೀದು ಬೀರ್ತಾರೆ. ಯಾರೂ ಹೇಳ್ಲಿಲ್ವಾ ನಿಂಗೆ?"

ಅಖ್ತರ್ ಬಾನು ಬಟ್ಟಲೊಳಕ್ಕೆ ಬಗ್ಗಿ ನೋಡಿದಳು. "ಕರೀದೇ ಒಳ್ಳೇದು ಅಂದ್ಕೊಂಡೆ ಅಕ್ಕಾ. ನಮ್ಮಲ್ಲಿ ಕಪ್ಪು ಕಾಳು ಅಂದ್ರೆ ಬರ್ಕತ್ತು..."

"ನಿಮ್ಮಲ್ಲಿ ಬರ್ಕತ್ತು, ನಮ್ಮಲ್ಲಿ ವೈಕುಂಠ!" ಶ್ಯಾಮಲಮ್ಮ ಹೆದರಿಕೆ ಅರ್ಧ ನಗು ಅರ್ಧದಲ್ಲಿ ಹಣೆ ಚಚ್ಚಿಕೊಂಡಳು. "ಮಕ್ಳು ಎಲ್ಲಿಗ್ ಹೋದ್ವು ಈಗ?"

"ವೆಂಕಟರತ್ನಮ್ಮೋರ ಮನೆಗೆ."

ಶ್ಯಾಮಲಮ್ಮನ ನಗು ಅಲ್ಲೇ ನಿಂತಿತು. "ಬಸುರಿ ಇರೋ ಮನೆ ಕಣೇ ಅದು. ಮುಂದಿನ ವಾರ ಸೀಮಂತ. ಓಡು!"

ಅಖ್ತರ್ ಬಾನು ಓಡಿದಳು. ಚಪ್ಪಲಿ ಹುಡುಕಲಿಲ್ಲ. ಮೆಹಂದಿ ಬಳ್ಳಿಯ ರಂಗೋಲಿಯನ್ನು ತುಳಿದುಕೊಂಡೇ ಓಡಿದಳು. ವೆಂಕಟರತ್ನಮ್ಮ ಎಂದರೆ ಯಲ್ದೂರು ಕಡೆ ಮಾವಿನ ತೋಪುಗಳಿದ್ದ ದೊಡ್ಡವೆಂಕಟಪ್ಪನವರ ಹೆಂಡತಿ. ಅವರ ಸೊಸೆಯ ಸೀಮಂತಕ್ಕೆ ಹಸಿರು ಬಳೆ ತೊಡಿಸಲು ಅಖ್ತರ್ ಬಾನುಗೇ ಹೇಳಿ ಕಳಿಸಿದ್ದರು. ಆ ಮನೆಯಲ್ಲಿ ಇವಳ ಕೈ ಕೆಟ್ಟದ್ದು ಎಂದಾದರೆ ಆಮೇಲೆ ಯಾವ ಮನೆಯ ಶುಭಕಾರ್ಯಕ್ಕೂ ಕರೆ ಬರುವುದಿಲ್ಲ. ಅದು ತಲೆಗೆ ಬಂತು. ಆದರೆ ಕಾಲಿಗೆ ಜೋರು ಕೊಟ್ಟದ್ದು ಇನ್ನೊಂದು ಯೋಚನೆ. ಈಗ ಅವರು ತಟ್ಟೆಯನ್ನು ದೂಡಿದರೆ ಅವರದ್ದು ತಪ್ಪು ಎನ್ನಲೂ ಆಗುವುದಿಲ್ಲ. ಮಗಳನ್ನು ಬಾಗಿಲಿಂದ ಹೊರಗೆ ಕಳಿಸುವುದಕ್ಕೆ ಬೇಕಾದ ಕಾರಣವನ್ನು ತಾನೇ ಹುರಿದು, ಏಲಕ್ಕಿ ಹಾಕಿ ಕೊಟ್ಟಿದ್ದಾಳೆ.

"ಏನಮ್ಮಾ ಬಳೇಮ್ಮಾ, ಪೊಲೀಸ್ ಬಂದ್ರಾ?" ಎಂದು ಕಬ್ಬಿನ ಅಂಗಡಿಯ ಗಂಗುಲಪ್ಪ ಕೂಗಿದ. ಅವಳು ತಿರುಗಲಿಲ್ಲ.

ದೊಡ್ಡ ಮನೆಯ ಮೆಟ್ಟಿಲ ಮೇಲೆ ಫರೀದಾ ನಿಂತಿದ್ದಳು. ಕ್ರೋಷಾ ಬಟ್ಟೆ ಇನ್ನೂ ಮುಚ್ಚಿತ್ತು. ಜಗಲಿಯ ಮೇಲೆ ವೆಂಕಟರತ್ನಮ್ಮ ಬಟ್ಟಲು ಮುಂದಕ್ಕೆ ಚಾಚಿದ್ದರು. "ಅಜ್ಜೀ, ಎಳ್ಳು ತಗೊಳ್ಳಿ," ಎಂದು ಹುಡುಗಿ ರಾಗವಾಗಿ ಹೇಳುತ್ತಾ ಬಟ್ಟೆ ಸರಿಸಲು ಕೈ ಹಾಕಿದಳು.

"ತಗೋಬೇಡಿ ಅಮ್ಮಾ!"

ಬೀದಿಯ ನಡುವಿನಿಂದ ಬಂದ ಆ ಕೂಗಿಗೆ ಎಲ್ಲರೂ ತಿರುಗಿದರು. ಫರೀದಾಳ ಮುಖ ಸಣ್ಣಗಾಯಿತು. ಅಖ್ತರ್ ಬಾನು ಅದನ್ನು ಕಂಡಳು. ಯಾವ ಮಾತನ್ನು ಈ ಬೀದಿಯಲ್ಲಿ ಯಾರೂ ತನ್ನ ಮಗಳಿಗೆ ಹೇಳಬಾರದು ಎಂದು ವಾರದಿಂದ ಹೆದರಿದ್ದಳೋ ಅದನ್ನು ಹೇಳಿದವಳು ತಾನೇ.

"ತಪ್ಪು ನಂದು ಅಮ್ಮಾ," ಎಂದಳು ಏದುಸಿರು ಬಿಡುತ್ತಾ. "ಕರಿ ಎಳ್ಳು ಹಾಕ್ಬಿಟ್ಟಿದ್ದೀನಿ. ನಂಗೆ ಗೊತ್ತಿರ್ಲಿಲ್ಲ. ಒಳಗೆ ಬಸುರಿ ಹೆಣ್ಮಗಳಿದ್ದಾಳೆ. ಅದಕ್ಕೇ ಓಡ್ಬಂದೆ. ಮಗೂದೇನೂ ತಪ್ಪಿಲ್ಲ."

ವೆಂಕಟರತ್ನಮ್ಮ ಕನ್ನಡಕ ಮೂಗಿನ ಮೇಲಕ್ಕೆ ಏರಿಸಿಕೊಂಡು, ಬಾಗಿ, ಕ್ರೋಷಾ ಬಟ್ಟೆಯ ಒಂದು ಮೂಲೆ ಎತ್ತಿ ನೋಡಿದರು. "ನಲ್ಲ ನುವ್ವುಲು," ಎಂದು ಮನೆಮಾತು ತೆಲುಗಿನಲ್ಲಿ ಗೊಣಗಿದರು, ಕರಿ ಎಳ್ಳೇ ಎಂದು. ಚಾಚಿದ್ದ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡರು.

"ಅಮ್ಮಿ, ನಮ್ಮನೇದು ಕೊಡ್ಬಾರ್ದಾ?" ಎಂದಳು ಫರೀದಾ. ಮನೆಯ ಮಾತಿನಲ್ಲಿ ಕೇಳಿದ್ದರೆ ಸರಿಹೋಗುತ್ತಿತ್ತು. ಅವಳು ಕನ್ನಡದಲ್ಲೇ ಕೇಳಿದಳು, ಎಲ್ಲರಿಗೂ ಕೇಳಿಸುವ ಹಾಗೆ. ಕಣ್ಣಲ್ಲಿ ನೀರು ತುಂಬಿತ್ತು.

ವೆಂಕಟರತ್ನಮ್ಮ ಹುಡುಗಿಯನ್ನು ನೋಡಿದರು, ಬರಿಗಾಲಲ್ಲಿ ನಿಂತ ತಾಯಿಯನ್ನು ನೋಡಿದರು. ಆಮೇಲೆ ಒಳಕ್ಕೆ ತಿರುಗಿ ಸೊಸೆಗೆ ಕೂಗು ಹಾಕಿದರು.

"ಅಮ್ಮಾಯೀ! ಜರಡಿ ತೊಗೊಂಬಾ. ಹಂಗೇ ಡಬ್ಬೀಲಿರೋ ಬಿಳಿ ಎಳ್ಳೂ ತಾ. ನೀನು ಇದನ್ನ ಮುಟ್ಬೇಡ, ಹೊಸ್ಲು ಹತ್ರ ಇಟ್ಟು ದೂರ ನಿಂತ್ಕೊ." ಮತ್ತೆ ಇತ್ತ ತಿರುಗಿದರು. "ನೀನೇನೇ ಬೀದೀಲಿ ನಿಂತಿದ್ದೀಯ ಕೋರ್ಟಲ್ಲಿ ನಿಂತಂಗೆ? ಹತ್ತು ಜಗ್ಲಿಗೆ. ಎಳ್ಳು ಸಣ್ಣದು, ಬೆಲ್ಲ ಕೊಬ್ರಿ ದಪ್ಪ. ಜರಡಿ ಹಿಡಿದ್ರೆ ಬಿದ್ದೋಗುತ್ತೆ. ಇದಕ್ಕೆ ಊರೆಲ್ಲಾ ಓಡ್ಬೇಕಾ?"

ಸೊಸೆ ಮೊದಲು ತಂದದ್ದು ಹಿಟ್ಟಿನ ಜರಡಿ. ಅದರಲ್ಲಿ ಏಲಕ್ಕಿ ಪುಡಿ ಬಿಟ್ಟು ಬೇರೇನೂ ಬೀಳಲಿಲ್ಲ. "ಮದುವೆ ಆಗಿ ಎರಡು ವರ್ಷ ಆಯ್ತು, ಜರಡಿ ಯಾವ್ದು ಅಂತ ಗೊತ್ತಿಲ್ಲ ಇವ್ಳಿಗೆ," ಎಂದು ಬೈಸಿಕೊಂಡು ಆಮೇಲೆ ದೊಡ್ಡ ಕಣ್ಣಿನದನ್ನು ತಂದಿಟ್ಟಳು. ಅಖ್ತರ್ ಬಾನು ಜರಡಿ ಅಲ್ಲಾಡಿಸಿದಳು. ಕೆಳಗಿನ ಮೊರಕ್ಕೆ ಕರಿ ಎಳ್ಳು ಜಿರಿಜಿರಿ ಸುರಿಯಿತು. ಲಿಯಾಖತ್ ಮಳೆ ಮಳೆ ಎಂದು ಕೈ ಒಡ್ಡಿದ.

"ನಿನ್ ಗಂಡ ಊರೋರ ಕಪ್ಪು ಪಾತ್ರೆನೆಲ್ಲಾ ಬೆಳ್ಳಗೆ ಮಾಡ್ತಾನೆ," ಎಂದರು ವೆಂಕಟರತ್ನಮ್ಮ. "ಎಳ್ಳಿಗೂ ಒಂದಿಷ್ಟು ಕಲಾಯಿ ಹಾಕ್ಸೋದಲ್ವೇನೇ?"

ಬಾಗಿಲ ಹಿಂದಿನಿಂದ ಸೊಸೆ ಕಿಸಕ್ಕನೆ ನಕ್ಕಳು. ಫರೀದಾ ಮೂಗು ಎಳೆದುಕೊಂಡು ಬೆಲ್ಲದ ಚೂರುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. "ಅಜ್ಜೀ, ಇದಕ್ಕೆ ಅಂಟ್ಕೊಂಡಿರೋದು ಬರ್ತಾನೇ ಇಲ್ಲ," ಎಂದಳು.

"ಒಂದೆರಡು ಇರ್ಲಿ ಬಿಡು. ದೃಷ್ಟಿಬೊಟ್ಟು ಇಟ್ಟಂಗೆ."

ಬಿಳಿ ಎಳ್ಳು ಬೆರೆಯಿತು. ಫರೀದಾ ಮತ್ತೆ ಗುಡ್ಡೆ ಮಾಡಿ, ಸಕ್ಕರೆ ಗಿಣಿಯನ್ನು ತುದಿಯಲ್ಲಿ ಕೂರಿಸಿ, ಬಟ್ಟೆ ಮುಚ್ಚಿ, ಮೆಟ್ಟಿಲಿಳಿದು ಕೆಳಗೆ ಹೋಗಿ ನಿಂತಳು. ಮೊದಲಿಂದ ಆಗಬೇಕಲ್ಲ. ಮೆಟ್ಟಿಲು ಹತ್ತಿ ಬಂದು ಅದೇ ರಾಗದಲ್ಲಿ ಹೇಳಿದಳು. "ಅಜ್ಜೀ, ಎಳ್ಳು ತಗೊಳ್ಳಿ."

ವೆಂಕಟರತ್ನಮ್ಮ ಬಟ್ಟಲಿಗೆ ಹಾಕಿಸಿಕೊಂಡರು. ತಮ್ಮ ಮನೆಯ ಎಳ್ಳು, ಬಾಳೆಹಣ್ಣು ತಟ್ಟೆಗಿಟ್ಟರು. ಬಟ್ಟಲನ್ನು ಒಯ್ದು ಕಿಟಕಿಯ ಕಟ್ಟೆಯ ಮೇಲಿಟ್ಟರು.

ಅಖ್ತರ್ ಬಾನು ಮಗಳ ಭುಜ ಮುಟ್ಟಿದಳು. "ನಡಿ."

ಫರೀದಾ ಕದಲಲಿಲ್ಲ. ಅವಳ ಕಣ್ಣು ಕಿಟಕಿಯ ಕಟ್ಟೆಯ ಮೇಲಿತ್ತು. "ತಿನ್ನಲ್ವಾ ಅಜ್ಜಿ?"

ಅಖ್ತರ್ ಬಾನುಗೆ ಗೊತ್ತಿತ್ತು, ವೆಂಕಟರತ್ನಮ್ಮ ಹೊರಗೆ ಹೋದರೆ ನೀರನ್ನೂ ಮುಟ್ಟುವವರಲ್ಲ. ತಮ್ಮ ನೆಂಟರದ್ದಲ್ಲದ ಮದುವೆಗೆ ಹೋದರೆ ಎಲೆ ಅಡಿಕೆ ಮಾತ್ರ ತೆಗೆದುಕೊಂಡು ಬರುವವರು. ಅವರನ್ನು ಯಾರೂ ಅದಕ್ಕಾಗಿ ಬೈಯುತ್ತಿರಲಿಲ್ಲ, ಅವರು ಬೆಳೆದು ಬಂದದ್ದೇ ಹಾಗೆ. ಜರಡಿ ಕೊಟ್ಟರು, ಎಳ್ಳು ಕೊಟ್ಟರು, ನಗಿಸಿದರು. ಅಷ್ಟಕ್ಕೇ ಇವಳ ಎದೆ ತುಂಬಿತ್ತು. ಇನ್ನೂ ಬೇಕೆಂದು ಕೇಳುವ ಧೈರ್ಯ ಅವಳಿಗೆ ಎಂದೂ ಇರಲಿಲ್ಲ.

"ನಂಗೆ ಹಲ್ಲೆಲ್ಲಿದೆ ತಾಯಿ?" ಎಂದರು ವೆಂಕಟರತ್ನಮ್ಮ ಸ್ವಲ್ಪ ತಡೆದು. ಬಾಯಿ ತೆರೆದು ತೋರಿಸಿಯೂ ಬಿಟ್ಟರು. "ನೋಡು. ಕೊಬ್ರಿ ಅಗಿಯೋಕೆ ಆಗುತ್ತಾ?"

ನಿಜ, ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಆ ಮಾತಿನೊಳಗೆ ಇನ್ನೊಂದು ಮಾತು ಇದ್ದದ್ದೂ ನಿಜ. ಎರಡನ್ನೂ ಅಖ್ತರ್ ಬಾನು ಕೇಳಿಸಿಕೊಂಡಳು. ಮೊದಲನೆಯದು ಮಾತ್ರ ಮಗಳಿಗೆ ಕೇಳಿಸಿದರೆ ಸಾಕು, ಒಳ್ಳೆಯ ಕಾರಣ ಕೊಟ್ಟರು, ದೇವರು ಅವರನ್ನು ಚೆನ್ನಾಗಿಟ್ಟಿರಲಿ ಎಂದುಕೊಂಡು ಮಗಳ ಕೈ ಹಿಡಿದಳು.

ಆದರೆ ಫರೀದಾ ಜಗಲಿಯ ಮೂಲೆಯನ್ನು ನೋಡುತ್ತಿದ್ದಳು. ಅಲ್ಲಿ ಎಲೆ ಅಡಿಕೆ ತಟ್ಟೆಯ ಪಕ್ಕದಲ್ಲಿ ಹಲ್ಲಿಲ್ಲದವರು ಅಡಿಕೆ ಜಜ್ಜಿಕೊಳ್ಳುವ ಪುಟ್ಟ ಕುಟ್ಟಾಣಿ ಇತ್ತು.

"ಅಷ್ಟೇನಾ? ಅದ್ರಲ್ಲಿ ಕುಟ್ಟಿ ಕೊಡ್ತೀನಿ ಅಜ್ಜಿ!"

"ಫರೀದಾ!" ಎಂದಳು ತಾಯಿ.

ಹುಡುಗಿ ಆಗಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ತನ್ನ ತಟ್ಟೆಯಿಂದ ಒಂದು ಹಿಡಿ ತೆಗೆದು ಕುಟ್ಟಾಣಿಗೆ ಹಾಕಿ ಟಕ್ ಟಕ್ ಎಂದು ಕುಟ್ಟತೊಡಗಿದಳು. ನಾಲಗೆ ತುದಿ ಹೊರಗೆ ಬಂದಿತ್ತು, ಜಡೆಯ ಸೇವಂತಿಗೆ ಹೊಡೆತಕ್ಕೊಮ್ಮೆ ಕುಣಿಯುತ್ತಿತ್ತು. ಅಖ್ತರ್ ಬಾನು ನಿಂತಲ್ಲೇ ನಿಂತಳು. ಎಳೆದುಕೊಂಡು ಹೋಗಲು ಆಗಲಿಲ್ಲ, ನೋಡಲೂ ಆಗಲಿಲ್ಲ. ಬಾಗಿಲ ಹಿಂದೆ ಸೊಸೆಯ ಬಳೆಗಳ ಸದ್ದೂ ನಿಂತಿತ್ತು.

ಫರೀದಾ ಕುಟ್ಟಿದ್ದನ್ನು ಅಂಗೈಗೆ ಬಗ್ಗಿಸಿಕೊಂಡಳು. ಕುಟ್ಟಾಣಿಯಲ್ಲಿ ಉಳಿದಿದ್ದ ಅಡಿಕೆಯ ಕೆಂಪು ಅಲ್ಲಲ್ಲಿ ಹತ್ತಿತ್ತು. ಎದ್ದು ಹೋಗಿ ಆ ಅಂಗೈಯನ್ನು ಮುದುಕಿಯ ಮುಖದ ಹತ್ತಿರಕ್ಕೇ ಎತ್ತಿ ಹಿಡಿದಳು.

ವೆಂಕಟರತ್ನಮ್ಮ ಆ ಪುಟ್ಟ ಕೈಯನ್ನು ನೋಡಿದರು. ಬೀದಿಯ ಕಡೆ ಒಮ್ಮೆ ನೋಡಿದರು. ಬಾಗಿಲ ಹಿಂದಿನ ಸೊಸೆಯ ಕಡೆ ನೋಡಿದರು. ಮತ್ತೆ ಕೈಯನ್ನು ನೋಡಿದರು. ಆಮೇಲೆ ಎರಡು ಬೆರಳಲ್ಲಿ ಒಂದು ಚಿಟಿಕೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಕೆನ್ನೆಗಳು ಒಳಕ್ಕೆ ಹೋಗಿ ಹೊರಕ್ಕೆ ಬಂದವು.

"ಏಲಕ್ಕಿ ಹಾಕಿದ್ದೀಯೇನೇ ಅಖ್ತರ್?"

"ಒಂಚೂರು ಅಮ್ಮಾ." ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡಳು. "ಸಿಹಿ ಅಂದ್ರೆ ನಾವು ಏಲಕ್ಕಿ ಹಾಕ್ದೆ ಇರಲ್ಲ."

"ಹೂಂ," ಎಂದರು ಅವರು. ಹುಡುಗಿಯ ಕೈ ಇನ್ನೂ ಹಾಗೇ ಎತ್ತಿತ್ತು. ಇನ್ನೊಂದು ಚಿಟಿಕೆ ತೆಗೆದುಕೊಂಡರು. ಮತ್ತೊಂದು. ಆಮೇಲೆ, "ಸಾಕು ಹೋಗೇ, ಉಳಿದ ಮನೆಗಳಿಗೆ ಕತ್ತಲಾದ್ಮೇಲೆ ಬೀರ್ತೀಯಾ?" ಎಂದು ಗದರಿಸಿದರು. ತಾಯಿ ಮೆಟ್ಟಿಲಿಳಿಯುವಾಗ ಹಿಂದಿನಿಂದ ಮತ್ತೊಂದು ಮಾತು ಬಂತು. "ಸೀಮಂತದ್ ದಿನ ಬೇಗ ಬಾ. ಹೋದ್ಸಲ ತಂದಂಗೆ ಒಡಕು ಬಳೆ ತರ್ಬೇಡ, ಮುಖಕ್ಕೆ ಎಸೀತೀನಿ."

ಆ ದಿನವೂ ಅವರು ಹೊಸಿಲು ದಾಟಿ ಒಳಗೆ ಬಾ ಎನ್ನಲಿಲ್ಲ. ಅದನ್ನು ಅಖ್ತರ್ ಬಾನು ಗಮನಿಸಿದಳು. ಫರೀದಾ ಗಮನಿಸಲಿಲ್ಲ. ಅಷ್ಟು ಸಾಕಾಗಿತ್ತು.

ಮಕ್ಕಳು ಬೀದಿಯೆಲ್ಲ ಸುತ್ತಿದರು. ಅಖ್ತರ್ ಬಾನು ಬಿಳಿ ಎಳ್ಳು ಬೆರೆತದ್ದನ್ನು ಒಂದು ಎಲೆಯಲ್ಲಿ ಕಟ್ಟಿಕೊಂಡು ಶ್ಯಾಮಲಮ್ಮನ ಮನೆಗೆ ಹೋದಳು. "ಆ ಕರೀದು ಕೊಡಕ್ಕಾ, ಇದು ತಗೋ."

ಶ್ಯಾಮಲಮ್ಮ ಖಾಲಿ ಬಟ್ಟಲು ತೋರಿಸಿದಳು. "ಎಸೆಯೋಕೆ ಅಂತ ಹಿತ್ಲಿಗೆ ಹೋದೆ ಕಣೇ. ಹೋಗ್ತಾ ಹೋಗ್ತಾ ಒಂಚೂರು ಬಾಯಿಗ್ ಹಾಕ್ಕೊಂಡೆ. ಹಿತ್ಲು ಬರೋಷ್ಟ್ರಲ್ಲಿ ಮುಗ್ದೇ ಹೋಯ್ತು. ನಾನೇನಾದ್ರೂ ಸತ್ರೆ ನೀನೇ ಬಂದು ಅಳ್ಬೇಕು ನೋಡು." ಹಾಗೆಂದು ಈ ಪೊಟ್ಟಣವನ್ನೂ ಕಿತ್ತುಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಓಬೇದುಲ್ಲಾ ಬಂದ. ಮಕ್ಕಳಿಬ್ಬರೂ ತಿರುಗಿ ಸುಸ್ತಾಗಿ, ಬಟ್ಟೆ ಕೂಡ ಬದಲಿಸದೆ ಚಾಪೆಯ ಮೇಲೆ ಬಿದ್ದುಕೊಂಡಿದ್ದರು. ಅವನು ತಿದಿಯನ್ನು ಮೂಲೆಗಿಟ್ಟು, ಹೆಂಡತಿಯ ಮುಖ ನೋಡಿ, ಒಂದೇ ಮಾತು ಕೇಳಿದ.

"ತಿಂದ್ರಾ?"

"ವೆಂಕಟರತ್ನಮ್ಮೋರು ತಿಂದ್ರು."

"ಯಾರು?" ಅವನಿಗೆ ನಂಬಿಕೆ ಬರಲಿಲ್ಲ. "ಅವ್ರು ತಿನ್ನಲ್ವಲ್ಲ. ಅವ್ರಿಗೆ ಹಲ್ಲೂ ಇಲ್ಲ."

"ನಿಮ್ ಮಗಳು ಕುಟ್ಟಿ ತಿನ್ನಿಸಿದ್ಲು."

ಅವನು ಮಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಅವಳನ್ನೇ ನೋಡಿದ. ಫರೀದಾ ನಿದ್ದೆಯ ಮಂಪರಿನಲ್ಲೇ ಒಮ್ಮೆ ಕಣ್ಣು ಬಿಟ್ಟು, "ಅಬ್ಬಾ, ಈದ್‌ಗೆ ಅಜ್ಜಿಗೆ ಶೀರ್ ಖುರ್ಮಾ ಪಾಯಸ ಕೊಡೋಣ. ಅದಕ್ಕೆ ಹಲ್ಲೇ ಬೇಡ," ಎಂದು ಗೋಡೆಯ ಕಡೆ ಹೊರಳಿದಳು. ಅವನು ಸದ್ದಾಗದ ಹಾಗೆ ನಕ್ಕು ಕೈಕಾಲು ತೊಳೆಯಲು ಎದ್ದು ಹೋದ.

ಅಖ್ತರ್ ಬಾನು ಚಾಪೆಯ ಹತ್ತಿರ ಕೂತಳು. ಫರೀದಾಳ ಬಲಗೈ ಬಿಚ್ಚಿಕೊಂಡು ಬಿದ್ದಿತ್ತು. ಅಂಗೈ ತುಂಬ ಬೆಲ್ಲದ ಅಂಟು, ನಡುವೆ ಅಡಿಕೆಯ ಕೆಂಪು. ಇರುವೆ ಬರುತ್ತದೆಂದು ಸೆರಗಿನ ತುದಿಯನ್ನು ನೀರಿಗೆ ಅದ್ದಿ, ಹುಡುಗಿ ಎಚ್ಚರವಾಗದ ಹಾಗೆ, ಒಂದೊಂದು ಬೆರಳನ್ನೂ ಬಿಡಿಸಿ ಒರೆಸಿದಳು.